ವೆಂಕಟಸುಬ್ಬಯ್ಯನವರ ಮನೆಯಲ್ಲಿ ಕಾಣೆಯಾದ ಫೈಲು

ವೆಂಕಟಸುಬ್ಬಯ್ಯನವರ ಎದುರಿಗೆ ‘ಫೈಲು ಕಳೆದುಹೋಗಿದೆ’ ಎನ್ನುವ ಮಾತನ್ನು ಆಡುವಂತಿರಲಿಲ್ಲ. ಆಡಿದವರೇ ಇಲ್ಲವೆಂದಲ್ಲ, ಎರಡನೇ ಸಲ ಆಡಿದವರು ಇರಲಿಲ್ಲ.

ಕೇಂದ್ರ ಸರ್ಕಾರದ ಒಂದು ಸಚಿವಾಲಯದ ರೆಕಾರ್ಡ್ ರೂಮಿನಲ್ಲಿ ಅವರು ಮೂವತ್ತಾರು ವರ್ಷ ಸವೆಸಿದ್ದರು. ಚನ್ನರಾಯಪಟ್ಟಣದಿಂದ ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ ಹಿಡಿದು ದೆಹಲಿಗೆ ಬಂದು ಗುಮಾಸ್ತರಾಗಿ ಸೇರಿದವರು, ಈಗ ಅದೇ ಕೋಣೆಯ ಮುಖ್ಯಸ್ಥರಾಗಿ, 2010ರ ಫೆಬ್ರವರಿ ಕೊನೆಗೆ ನಿವೃತ್ತರಾಗುವವರಿದ್ದರು. ನಡುವೆ ಎರಡು ಸಲ ಮೇಲಿನವರು ಬೇರೆ ವಿಭಾಗಕ್ಕೆ ಹೋಗಿ ಎಂದದ್ದುಂಟು. “ಈ ಕಪಾಟುಗಳನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ ಸಾಹೇಬ್?” ಎಂದು ಇವರು ಕೇಳಿದ ರೀತಿಗೆ, ಹೆತ್ತ ಮಕ್ಕಳನ್ನು ಬಿಡಿಸಿದ ಪಾಪ ನಮಗೇಕೆ ಎಂದು ಮೇಲಿನವರು ಸುಮ್ಮನಾಗಿದ್ದರು.

ಯಾರಾದರೂ ಬಂದು “ಸಾರ್, ಆ ಫೈಲು ಎಲ್ಲೂ ಇಲ್ಲ” ಎಂದರೆ ವೆಂಕಟಸುಬ್ಬಯ್ಯನವರು ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇಲ್ಲ ಅನ್ನಬೇಡಿ. ಇನ್ನೂ ಸಿಕ್ಕಿಲ್ಲ ಅನ್ನಿ” ಎನ್ನುತ್ತಿದ್ದರು. ಆಮೇಲೆ ಒಂದು ಸುತ್ತೋಲೆ ಹೊರಡುತ್ತಿತ್ತು. ಆ ಸುತ್ತೋಲೆ ಎಲ್ಲ ವಿಭಾಗಗಳಿಗೂ ಹೋಗಿ, ಪ್ರತಿಯೊಬ್ಬನೂ ‘ನಮ್ಮಲ್ಲಿ ಇಲ್ಲ’ ಎಂದು ಬರೆದು ಸಹಿ ಹಾಕಬೇಕಿತ್ತು. ಅದು ಮೂರು ದಿನ ತಿರುಗುವಷ್ಟರಲ್ಲಿ ಫೈಲು ಎಲ್ಲಿಂದಲೋ ಬಂದು ಕಪಾಟಿನಲ್ಲಿ ಕೂತಿರುತ್ತಿತ್ತು. ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಫೈಲು ಬಾರದೇ ಇದ್ದದ್ದಿಲ್ಲ. ಬೇರೆ ಸಚಿವಾಲಯದವರೂ ಈ ಸಂಗತಿಯನ್ನು ಹೇಳಿಕೊಳ್ಳುತ್ತಿದ್ದರು. ಆ ತಿಂಗಳ ಕೊನೆಯ ಶುಕ್ರವಾರದ ಬೀಳ್ಕೊಡುಗೆಯಲ್ಲಿ ಜಂಟಿ ಕಾರ್ಯದರ್ಶಿ ಮೇಡಂ ಓದಿ ಕೊಡಲಿದ್ದ ಅಭಿನಂದನಾ ಪತ್ರದಲ್ಲೂ ಇದೇ ಮಾತು ಬರುತ್ತದೆ ಎಂದು ಟೈಪು ಮಾಡಿದವನೇ ಗುಟ್ಟಾಗಿ ತಿಳಿಸಿದ್ದ. ‘ಒಂದು ಫೈಲನ್ನೂ ಕಳೆಯದ ಮನುಷ್ಯ.’ ಇದನ್ನು ಕೇಳಿದ ದಿನ ವೆಂಕಟಸುಬ್ಬಯ್ಯನವರು ಬಸ್ಸು ಹತ್ತುವುದನ್ನೂ ಮರೆತು ಎರಡು ಸ್ಟಾಪು ನಡೆದಿದ್ದರು. ಅವರಿಗೆ ಆಸ್ತಿ ಅಂತ ಇದ್ದದ್ದು ಅದೊಂದೇ ಮಾತು.

ರೆಕಾರ್ಡ್ ರೂಮಿನಲ್ಲಿ ಇಡುವುದು ಹೇಗೆ ಕೆಲಸವೋ ಹಾಗೇ ತೆಗೆದುಹಾಕುವುದೂ ಕೆಲಸ. ಹಳೆಯ ಕಟ್ಟು ಬಿಚ್ಚಿ, ಯಾವುದು ಶಾಶ್ವತ, ಯಾವುದು ಹತ್ತು ವರ್ಷಕ್ಕೆ, ಯಾವುದು ಈಗಲೇ ಹರಿಯಬಹುದಾದದ್ದು ಎಂದು ವಿಂಗಡಿಸಿ, ಹರಿದದ್ದರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ಅಲ್ಲಿ ‘ಕಳೆ ಕೀಳುವುದು’ ಎನ್ನುತ್ತಾರೆ. ವೆಂಕಟಸುಬ್ಬಯ್ಯನವರು ಮನೆಯಲ್ಲೂ ಕಳೆ ಕೀಳುತ್ತಿದ್ದರು. ಆರ್.ಕೆ. ಪುರಂನ ಆ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಸಾಲೆ ಡಬ್ಬಿಗಳಿಗೂ ನಂಬರಿತ್ತು. ಮಗಳ ಪ್ರೈಮರಿ ಮಾರ್ಕ್ಸ್ ಕಾರ್ಡು ಹತ್ತು ವರ್ಷಕ್ಕೆ ಸರಿಯಾಗಿ ಹರಿದುಹೋಗಿತ್ತು. ನಿಶ್ಚಿತಾರ್ಥವಾದ ಮೇಲೆ ಹೆಂಡತಿ ಲೀಲಾವತಿ ಬರೆದಿದ್ದ ಮೂರು ಕಾಗದಗಳಲ್ಲಿ ಎರಡರ ವಿಷಯ ಒಂದೇ ಎಂದು ಕಂಡುಬಂದದ್ದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು 1983ರಲ್ಲಿ ನಿಯಮಾನುಸಾರ ಹರಿದಿದ್ದರು. ಹರಿದದ್ದನ್ನು ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು. ಲೀಲಾವತಿಗೆ ಸಿಕ್ಕಿದ್ದು ಆ ಪುಸ್ತಕವೇ. ಹದಿನೈದು ದಿನ ಆಕೆ ಸಾರಿಗೆ ಒಗ್ಗರಣೆ ಹಾಕಲಿಲ್ಲ.

ಇಂಥವರ ಮನೆಗೆ ಮಗಳು ಲಾವಣ್ಯಾ ಗುರ್‌ಗಾಂವಿನಿಂದ ಒಂದು ಪುಟ್ಟ ಲ್ಯಾಪ್‌ಟಾಪ್ ತಂದುಕೊಟ್ಟಳು. ನಿವೃತ್ತಿಯ ಉಡುಗೊರೆ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಮನೆಯಲ್ಲಿ ಅವಳ ಕಾಲೇಜು ಕಾಲದ ಹಳೆಯ ಕಂಪ್ಯೂಟರು ಒಂದು ಕೆಮ್ಮುತ್ತಾ ಇತ್ತು, ಇದು ಹೊಸದು. ಆದರೆ ಒಳಗೆ ಆಪರೇಟಿಂಗ್ ಸಿಸ್ಟಮ್ ಇರಲಿಲ್ಲ, ಅಂದರೆ ಯಂತ್ರ ನಡೆಸುವ ಮೂಲ ಸಾಮಾನೇ ಇರಲಿಲ್ಲ. ಅದನ್ನು ತುಂಬೋಣವೆಂದರೆ ಸೀಡಿ ಹಾಕುವ ಬಾಯಿಯೂ ಇಲ್ಲ.

“ಅಪ್ಪಾ, ಪೆನ್ ಡ್ರೈವ್‌ನಿಂದ ಹಾಕ್ಬೇಕು. ಅಯ್ಯಣ್ಣ ಅಂಕಲ್‌ಗೆ ಬೋಲ್ ದಿಯಾ ಹೈ, ಅವ್ರು ಮಾಡ್ತಾರೆ” ಎಂದಳು ಲಾವಣ್ಯಾ, ಕ್ಯಾಬು ಹತ್ತುತ್ತಾ. “ಔರ್ ಪ್ಲೀಸ್, ಆಪ್ ಕುಛ್ ಮತ್ ಕರನಾ, ನೀವೇನೂ ಮಾಡೋಕೆ ಹೋಗ್ಬೇಡಿ.”

ಅಯ್ಯಣ್ಣ ವಿರಾಜಪೇಟೆ ಕಡೆಯವರು. ದೆಹಲಿ ಕಂಟೋನ್ಮೆಂಟಿನಲ್ಲಿ ಸಿಗ್ನಲ್ಸ್ ಪಡೆಯ ಸುಬೇದಾರ್. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪರಿಚಯವಾಗಿ, ಹೆಂಡಂದಿರ ಸ್ನೇಹ ಬೆಳೆದು, ಈಗ ಮನೆಯವರಂತೆ ಆಗಿದ್ದರು. ಇದುವರೆಗೆ ಮೂವತ್ತೊಂಬತ್ತು ಯಂತ್ರಗಳಿಗೆ ಅವರು ಹೀಗೆ ಪೆನ್ ಡ್ರೈವಿನಿಂದ ಜೀವ ತುಂಬಿದ್ದರು. ಎಲ್ಲವನ್ನೂ ಜೇಬಿನ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿದ್ದರು. ಆ ಪುಸ್ತಕ ನೋಡಿಯೇ ಅವರ ಮೇಜರ್ ಸಾಹೇಬರು, ಮಾರ್ಚಿನಿಂದ ತರಬೇತಿ ಕೇಂದ್ರಕ್ಕೆ ಪಾಠ ಹೇಳುವವರಾಗಿ ಹೋಗಿ ಎಂದು ಆರಿಸಿದ್ದರು. ನಡಿಗೆಯಲ್ಲೇ ಆ ಹೆಮ್ಮೆ ಕಾಣುತ್ತಿತ್ತು.

ಶನಿವಾರ ಸಂಜೆ ಸ್ಕೂಟರಿನಲ್ಲಿ ಬಂದು ಅಯ್ಯಣ್ಣ ಪೆನ್ ಡ್ರೈವನ್ನು ಟೀಪಾಯಿಯ ಮೇಲೆ ಇಟ್ಟರು.

“ಸುಬ್ಬಯ್ಯನವರೇ, ಇದರಲ್ಲಿ ಎಲ್ಲಾ ತಯಾರಾಗಿದೆ. ನಾಳೆ ಹತ್ತು ಗಂಟೆಗೆ ಬರ್ತೀನಿ. ಅಲ್ಲೀವರೆಗೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ.”

“ಅಯ್ಯೋ, ಯಾರು ಮುಟ್ತಾರೆ ಬಿಡಿ” ಎಂದರು ವೆಂಕಟಸುಬ್ಬಯ್ಯನವರು. ಯಾರೂ ಎಂಬುದರಲ್ಲಿ ತಾವೂ ಸೇರಿದ್ದೇವೆ ಎಂದು ಅವರಿಗೆ ಪ್ರಾಮಾಣಿಕವಾಗಿ ಅನ್ನಿಸಿರಲಿಲ್ಲ.

ಸ್ಕೂಟರಿನ ಸದ್ದು ಅಡಗಿದ ಮೇಲೆ ಅವರು ಪೆನ್ ಡ್ರೈವನ್ನು ಕೈಗೆತ್ತಿಕೊಂಡರು. ಹೊರಗಿನಿಂದ ಬಂದ ಕಟ್ಟನ್ನು ಬಿಚ್ಚದೆ, ನೋಡದೆ ಹಾಗೇ ಕಪಾಟಿಗೆ ಸೇರಿಸುವುದು ಎಲ್ಲಿಯಾದರೂ ಉಂಟೇ? ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ತೆರೆದರು. ತೆರೆದವರು ದಂಗಾದರು. ನೂರಾರು ಫೈಲುಗಳು. ಒಂದಕ್ಕೂ ವಿಷಯಸೂಚಿ ಇಲ್ಲ. ತಾರೀಕು ನೋಡಿದರೆ ಎಲ್ಲವೂ ಒಂದೇ ದಿನದ್ದು. ಯಾವ ಬೇಜವಾಬ್ದಾರಿ ಗುಮಾಸ್ತ ಇದನ್ನು ಕಟ್ಟಿದ್ದಾನೋ ಎಂದು ಅವರ ಮೈ ಉರಿಯಿತು.

ಲೀಲಾವತಿ ಕಾಫಿ ತಂದಿಟ್ಟರು. “ಅಯ್ಯಣ್ಣ ಮುಟ್ಟಬೇಡಿ ಅಂದ್ರಲ್ಲಾ?”

“ನಾನು ಮುಟ್ತಾ ಇಲ್ಲ. ಪರಿಶೀಲಿಸ್ತಾ ಇದೀನಿ.”

ಪರಿಶೀಲನೆ ಎರಡು ಲೋಟ ಕಾಫಿಯವರೆಗೆ ನಡೆಯಿತು. ಪ್ರತಿ ಫೈಲಿನ ಹೆಸರಿಗೂ ಕೊನೆಯಲ್ಲಿ ಚುಕ್ಕಿ ಇಟ್ಟು ಮೂರಕ್ಷರದ ಒಂದು ಬಾಲವಿರುವುದನ್ನು ಅವರು ಗಮನಿಸಿದರು. ಅದು ವಿಭಾಗದ ಗುರುತು ಇರಬೇಕೆಂದು ತೀರ್ಮಾನಿಸಿದರು. ಕೆಲವು ಸಣ್ಣಪುಟ್ಟವು ಅನವಶ್ಯಕವೆಂದು ಕಂಡವು. ಹಾಗೆ ಹೋಗುತ್ತಾ ಹೋಗುತ್ತಾ ಒಂದೇ ಹೆಸರಿನ ಎರಡು ಫೈಲು ಕಣ್ಣಿಗೆ ಬಿದ್ದವು. ಎರಡರ ಹೆಸರೂ ಬೂಟ್‌ಎಂಜಿಆರ್. ಒಂದಕ್ಕೆ ಬಾಲವಿದೆ, ಇನ್ನೊಂದಕ್ಕೆ ಇಲ್ಲ. ಬಾಲವಿಲ್ಲದ್ದನ್ನು ತೆರೆಯಲು ನೋಡಿದರೆ, ಇದನ್ನು ಯಾವುದರಿಂದ ತೆರೆಯಬೇಕೋ ತನಗೆ ಗೊತ್ತಿಲ್ಲವೆಂದು ಕಂಪ್ಯೂಟರೇ ಕೈಚೆಲ್ಲಿತು. ವೆಂಕಟಸುಬ್ಬಯ್ಯನವರಿಗೆ ಇನ್ನೇನು ಬೇಕು? ನಂಬರಿಲ್ಲದ, ವಿಭಾಗವಿಲ್ಲದ, ಯಾರೂ ಓದಲಾಗದ ನಕಲು ಪ್ರತಿ. ಅಳಿಸಿದರು. ಇನ್ನೂ ಹದಿಮೂರು ಕಳೆಗಳ ಜೊತೆಗೆ ಅದರ ಹೆಸರನ್ನೂ ಮನೆಯ ಪುಸ್ತಕದಲ್ಲಿ ಬರೆದು, ಮುಂದೆ ‘ನಕಲು, ನಾಶಪಡಿಸಿದೆ’ ಎಂದು ಕಾಣಿಸಿ, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಎದ್ದರು. ಅಯ್ಯಣ್ಣನಿಗೆ ನಾಳೆ ಎಷ್ಟು ಹಗುರವಾಗುತ್ತದೆ ಪಾಪ, ಎಂದೂ ಅಂದುಕೊಂಡರು.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಅಯ್ಯಣ್ಣ ಬಂದರು. ಇಸ್ತ್ರಿ ಮಾಡಿದ ಶರ್ಟು, ಮಿಂಚುವ ಶೂ, ಜೇಬಿನಲ್ಲಿ ನೋಟ್‌ಬುಕ್ಕು. ಚಳಿ ಇಳಿಯುತ್ತಿದ್ದ ದಿನಗಳು. ಬಾಲ್ಕನಿಯಲ್ಲಿ ಒಳ್ಳೆ ಬಿಸಿಲಿತ್ತು. ಪುಟ್ಟ ಲ್ಯಾಪ್‌ಟಾಪನ್ನು ಅಲ್ಲೇ ಒಂದು ಸ್ಟೂಲಿನ ಮೇಲೆ ಇಟ್ಟು, ಪೆನ್ ಡ್ರೈವ್ ಸಿಕ್ಕಿಸಿ, “ನೋಡ್ತಾ ಇರಿ, ಇಪ್ಪತ್ತೈದು ನಿಮಿಷ” ಎಂದು ಗುಂಡಿ ಒತ್ತಿದರು.

ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಒಂದು ಸಾಲು ಮೂಡಿತು. ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್.

ವೆಂಕಟಸುಬ್ಬಯ್ಯನವರು ಕುರ್ಚಿಯಿಂದ ಎದ್ದು ನಿಂತರು. ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

“ಅಯ್ಯಣ್ಣನವರೇ, ಏನಿದು ಮಾತು?”

“ಅದೇ ಸಾರ್, ಯಂತ್ರ ಶುರು ಮಾಡೋ ಒಂದು ಫೈಲು ಕಾಣ್ತಾ ಇಲ್ವಂತೆ.”

“ನನ್ನ ಮನೇಲಿ?”

“ನಿಮ್ಮ ಮನೇಲಿ ಅಲ್ಲ ಸಾರ್, ಪೆನ್ ಡ್ರೈವ್‌ನಲ್ಲಿ.”

“ಪೆನ್ ಡ್ರೈವ್ ಎಲ್ಲಿದೆ? ನನ್ನ ಮನೇಲಿ ತಾನೇ ಇರೋದು?”

ಅಯ್ಯಣ್ಣ ಸೈನಿಕರು, ವಾದಕ್ಕಿಂತ ಕಾರ್ಯಾಚರಣೆಯೇ ಅವರಿಗೆ ಸಲೀಸು. ಯಂತ್ರ ಆರಿಸಿ ಮತ್ತೆ ಹಚ್ಚಿದರು. ಅದೇ ಸಾಲು. ಪೆನ್ ಡ್ರೈವನ್ನು ಎಡಗಡೆಯ ಕಿಂಡಿಯಿಂದ ತೆಗೆದು ಬಲಗಡೆಗೆ ಸಿಕ್ಕಿಸಿದರು. ಅದೇ ಸಾಲು. ಬಾಯಿಂದ ಊದಿ ಸಿಕ್ಕಿಸಿದರು. ಯಂತ್ರದ ಒಳಗಿನ ನೀಲಿ ಪರದೆಗೆ ಹೋಗಿ, ಮೊದಲು ಯಾವುದರಿಂದ ಶುರುವಾಗಬೇಕು ಎಂಬ ಸಾಲಿನಲ್ಲಿ ಪೆನ್ ಡ್ರೈವ್ ಒಂದನೇ ಜಾಗದಲ್ಲೇ ಇದೆಯೋ ಎಂದು ನೋಡಿದರು. ಇತ್ತು. ಅದನ್ನು ಎರಡನೆಯದು ಮಾಡಿ, ಪುನಃ ಒಂದನೆಯದು ಮಾಡಿದರು. ಕವಾಯತಿನಲ್ಲಿ ತಪ್ಪಿದ ಜವಾನನಿಗೆ ಇನ್ನೊಂದು ಸುತ್ತು ಓಡು ಎನ್ನುವ ಹಾಗೆ ಹತ್ತು ಸಲ ಓಡಿಸಿದರು. ಹತ್ತು ಸಲವೂ ಯಂತ್ರ ಅದೊಂದೇ ಮಾತನ್ನು ಹೇಳಿತು.

ವೆಂಕಟಸುಬ್ಬಯ್ಯನವರು ಅಷ್ಟು ಹೊತ್ತಿಗೆ ತಮ್ಮದೇ ಕಾರ್ಯಾಚರಣೆ ಶುರು ಮಾಡಿದ್ದರು. ಮೊದಲಿಗೆ ಯಂತ್ರದ ಭಾಷೆಯ ಮೇಲೆ ಅವರ ಆಕ್ಷೇಪಣೆಯಿತ್ತು. ಮಿಸ್ಸಿಂಗ್ ಎಂದು ಹೀಗೆ ಒಂದೇ ಏಟಿಗೆ ಹೇಳಿಬಿಡುವುದೇ? ಹುಡುಕಿದ್ದು ಎಷ್ಟು ಸಲ, ಎಲ್ಲೆಲ್ಲಿ, ಯಾರನ್ನು ಕೇಳಿತು? ಎರಡು ಸೆಕೆಂಡಿನಲ್ಲಿ ಫೈಲು ಇಲ್ಲವೆಂದವನನ್ನು ಅವರು ಆಫೀಸಿನಲ್ಲಾದರೆ ವಾರಗಟ್ಟಲೆ ಕಪಾಟು ಒರೆಸಲು ಹಾಕುತ್ತಿದ್ದರು.

ಬಳಿಕ ಅಡುಗೆಮನೆಗೆ ಹೋದರು.

“ಲೀಲಾ, ಒಂದು ಫೈಲು ಸಿಕ್ತಾ ಇಲ್ಲ. ನಿನ್ನ ವಿಭಾಗದಲ್ಲಿ ಇದೆಯಾ?”

ಲೀಲಾವತಿ ಚಟ್ನಿಗೆ ಕಾಯಿ ತುರಿಯುತ್ತಿದ್ದರು. “ಕಂಪ್ಯೂಟರ್ ಫೈಲು ನನ್ನ ಅಡುಗೆಮನೇಲಿ ಯಾಕ್ರೀ ಇರುತ್ತೆ?”

“ಇಲ್ಲ ಅನ್ನೋದಾದ್ರೆ ಬರೆದುಕೊಡು. ಎಲ್ಲರೂ ಬರೆದುಕೊಡಬೇಕು, ಅದೇ ಪದ್ಧತಿ.”

ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರಿಂದ, ವಾದ ಮಾಡುವುದಕ್ಕಿಂತ ಸಹಿ ಹಾಕುವುದು ಬೇಗ ಮುಗಿಯುತ್ತದೆಂದು ಲೀಲಾವತಿಗೆ ಗೊತ್ತಿತ್ತು. ಕಾಯಿಹಾಲಿನ ಕೈಯಲ್ಲೇ ‘ನನ್ನ ಹತ್ತಿರ ಇಲ್ಲ’ ಎಂದು ಬರೆದುಕೊಟ್ಟರು. ಕೊಡುವಾಗ ಒಂದು ಮಾತು ಕೇಳಿದರು.

“ನಿನ್ನೆ ಅದರ ಮುಂದೆ ಎರಡು ಗಂಟೆ ಕೂತಿದ್ರಲ್ಲ, ನೀವೇ ಏನಾದ್ರೂ ಮಾಡಿದ್ರೇನು?”

“ನಾನಾ?” ಎಂದರು ವೆಂಕಟಸುಬ್ಬಯ್ಯನವರು. ಅವರಿಗೆ ಕೋಪಕ್ಕಿಂತ ನಗು ಬಂತು. ಫೈಲು ಕಳೆಯುವವರು ಬೇರೆ ಜಾತಿಯ ಜನ, ಹುಡುಕುವವರು ಬೇರೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಮುಂದಿನ ಹೆಜ್ಜೆ ಸುತ್ತೋಲೆ. ಮನೆಯ ಪುಸ್ತಕವನ್ನು ತೆಗೆದು, ಕಾಣೆಯಾದ ಫೈಲಿನ ಹೆಸರು, ಕೊನೆಯ ಸಲ ಕಂಡದ್ದು ಯಾವಾಗ, ಯಾರ ವಶದಲ್ಲಿತ್ತು ಎಂದು ಬರೆಯಲು ಕೂತರು. ಹೆಸರನ್ನು ಒಂದೊಂದೇ ಅಕ್ಷರವಾಗಿ ಪರದೆ ನೋಡಿ ಬರೆದರು. ಬರೆದು, ಶಾಯಿ ಒಣಗಲೆಂದು ಊದುವಾಗ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅಲ್ಲಿ ಅದೇ ಹೆಸರು, ಅದೇ ಅಕ್ಷರಗಳು, ತಮ್ಮದೇ ದುಂಡನೆಯ ಕೈಬರಹ. ಮುಂದೆ: ನಕಲು, ನಾಶಪಡಿಸಿದೆ.

ಪುಸ್ತಕವನ್ನು ಮುಚ್ಚಿದರು. ಮತ್ತೆ ತೆರೆದರು. ಅಕ್ಷರಗಳು ಅಲ್ಲೇ ಇದ್ದವು. ಅವರ ಮನಸ್ಸಿಗೆ ಬಂದದ್ದು ಯಂತ್ರವಲ್ಲ, ಪೆನ್ ಡ್ರೈವೂ ಅಲ್ಲ, ಶುಕ್ರವಾರ. ಮೇಡಂ ಎದ್ದು ನಿಂತು ‘ಒಂದು ಫೈಲನ್ನೂ ಕಳೆಯದ ಮನುಷ್ಯ’ ಎಂದು ಓದುವುದು, ಜನ ಚಪ್ಪಾಳೆ ತಟ್ಟುವುದು, ತಾವು ಕೈಮುಗಿಯುವುದು. ಐದೇ ಐದು ದಿನ ಉಳಿದಿದ್ದವು. ಮೂವತ್ತಾರು ವರ್ಷ ಜೋಪಾನ ಮಾಡಿದ್ದನ್ನು ಎರಡು ಲೋಟ ಕಾಫಿ ಕುಡಿಯುವಷ್ಟರಲ್ಲಿ ತಾವೇ ಹಾಳು ಮಾಡಿಕೊಂಡಿದ್ದರು.

ಆ ಗಳಿಗೆಯಲ್ಲಿ ವೆಂಕಟಸುಬ್ಬಯ್ಯನವರಿಗೆ ಒಂದು ದುರ್ಬುದ್ಧಿ ಹೊಳೆಯಿತು. ಇದು ಸರ್ಕಾರದ ಫೈಲೇ? ಅಲ್ಲ. ರೆಕಾರ್ಡ್ ರೂಮಿನದ್ದೇ? ಅಲ್ಲ. ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿದರೆ ಕೇಳುವವರು ಯಾರು? ಅಯ್ಯಣ್ಣ ಮನೆಗೆ ಹೋಗಿ ಇನ್ನೊಂದು ಪೆನ್ ಡ್ರೈವ್ ಮಾಡಿಕೊಂಡು ಬರುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಅವರು ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿಯೇ ಬಿಟ್ಟರು. ಮುಖ ತೊಳೆದುಕೊಂಡು, ಏನೂ ಆಗದವರ ಹಾಗೆ ಬಾಲ್ಕನಿಗೆ ಬಂದರು.

ಅಯ್ಯಣ್ಣ ಸ್ಟೂಲಿನ ಮುಂದೆ ನಿಂತಿದ್ದರು. ಕೈಯಲ್ಲಿ ಜೇಬಿನ ನೋಟ್‌ಬುಕ್ಕು ಬಿಚ್ಚಿತ್ತು.

“ಸುಬ್ಬಯ್ಯನವರೇ, ತಪ್ಪು ನನ್ನದೇ” ಎಂದರು. “ಕಾಪಿ ಮಾಡೋವಾಗ ಒಂದು ಫೈಲು ಬಿಟ್ಟುಬಿಟ್ಟಿದೀನಿ. ಮಾಡಿದ ಮೇಲೆ ಚೆಕ್ ಮಾಡಿದೀನಿ ಅಂತ ನೆನಪು. ಆದ್ರೆ ಚೆಕ್ ಮಾಡಿದ್ರೆ ಅದು ಇರಬೇಕಿತ್ತಲ್ಲ? ಅಂದ್ರೆ ಮಾಡಿಲ್ಲ. ಮಾಡದೇ ಮಾಡಿದೀನಿ ಅಂದ್ಕೊಂಡಿದೀನಿ.”

“ಅಯ್ಯೋ, ಒಂದು ಫೈಲಿಗೆ ಯಾಕೆ ಅಷ್ಟು...”

“ಒಂದು ಫೈಲು ಅಂತ ನೀವು ಹೇಳ್ತೀರಾ ಸಾರ್? ನೀವು?”

ವೆಂಕಟಸುಬ್ಬಯ್ಯನವರು ಒರೆಸಿದ್ದ ಕನ್ನಡಕವನ್ನೇ ಮತ್ತೆ ಒರೆಸಿದರು.

“ನಿಮ್ಮ ಕಥೆಯನ್ನೇ ನಾನು ನನ್ನ ಹುಡುಗರಿಗೆ ಹೇಳೋದು” ಎಂದರು ಅಯ್ಯಣ್ಣ. “ದೆಹಲೀಲಿ ಒಬ್ಬರಿದ್ದಾರೆ, ಮೂವತ್ತಾರು ವರ್ಷಕ್ಕೆ ಒಂದು ಕಾಗದ ಕಳೆದಿಲ್ಲ, ಕೆಲಸ ಅಂದ್ರೆ ಅದು ಅಂತ. ಇವತ್ತು ಅವರ ಮನೇಲೇ ನಾನು ಹೀಗೆ ಮಾಡಿದೆ. ಚೆಕ್ ಮಾಡದವನು ಟ್ರೇನಿಂಗ್ ಸೆಂಟರಿಗೆ ಹೋಗಿ ಏನು ಕಲಿಸ್ತಾನೆ? ನಿಮ್ಮ ಫೋನ್ ಕೊಡಿ. ಮೇಜರ್ ಸಾಹೇಬರಿಗೆ ಈಗ್ಲೇ ಹೇಳ್ಬಿಡ್ತೀನಿ, ಬೇರೆಯವರನ್ನ ಕಳಿಸಲಿ. ತಡ ಮಾಡಿದ್ರೆ ಮನಸ್ಸು ಬದಲಾಗುತ್ತೆ.”

ಹೇಳಿದವರೇ ಒಳಗೆ ಬಂದು ಫೋನಿನ ರಿಸೀವರ್ ಎತ್ತಿದರು. ಮಿಲಿಟರಿಯವರ ಮರ್ಯಾದೆ ಎಂಥದೆಂದು ವೆಂಕಟಸುಬ್ಬಯ್ಯನವರಿಗೆ ಗೊತ್ತಿತ್ತು. ಅವರು ಮಾಡುತ್ತೇನೆಂದರೆ ಮಾಡುವವರೇ. ಅಯ್ಯಣ್ಣನ ಬೆರಳು ಮೊದಲ ನಂಬರು ಒತ್ತಿತು. ಎರಡನೆಯದು ಒತ್ತಿತು. ವೆಂಕಟಸುಬ್ಬಯ್ಯನವರು ಮನಸ್ಸಿನಲ್ಲೇ ಫೋನ್ ಕೆಡಲಿ, ಲೈನ್ ಸಿಗದಿರಲಿ ಎಂದು ಹರಕೆ ಹೊತ್ತರು. ಬೇರೆ ದಿನ ಮೂರು ಹೊತ್ತೂ ಸತ್ತಿರುತ್ತಿದ್ದ ಆ ಫೋನು ಅವತ್ತು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಐದನೇ ನಂಬರಿಗೆ ಅವರು ಓಡಿಹೋಗಿ ಕೈಯಿಂದ ಫೋನನ್ನು ಅದುಮಿ ಹಿಡಿದರು.

“ಅಯ್ಯಣ್ಣ, ನಾನು ಅದನ್ನ ಅಳಿಸಿದ್ದು.”

“ಏನಂದ್ರಿ?”

“ನಿನ್ನೆ ಸಂಜೆ. ನಕಲು ಅಂತ ತಿಳಿದೆ. ಬಾಲ ಇರ್ಲಿಲ್ಲ ಅದಕ್ಕೆ.” ಹಾಸಿಗೆಯ ಕೆಳಗಿಂದ ಪುಸ್ತಕ ತಂದು ತೋರಿಸಿದರು.

ಅಯ್ಯಣ್ಣ ಪುಸ್ತಕವನ್ನು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಅಡುಗೆಮನೆಯ ಪಾತ್ರೆ ಅದುರುವ ಹಾಗೆ ನಗತೊಡಗಿದರು. ಬಾಗಿಲಲ್ಲಿ ನಿಂತಿದ್ದ ಲೀಲಾವತಿ ನಗಲಿಲ್ಲ.

“ನನ್ನ ಕಾಗದಾನೂ ಹೀಗೇ ನಕಲು ಅಂದಿದ್ರು ಇವರು” ಎಂದರು. “ಇಪ್ಪತ್ತೇಳು ವರ್ಷ ಆಯ್ತು. ಇವತ್ತು ಇನ್ನೊಬ್ರ ಕೈಗೆ ಸಿಕ್ಕಿಬಿದ್ರು, ಚಲೋ, ಅಷ್ಟಾದ್ರೂ ಆಯ್ತಲ್ಲ.”

ಅಯ್ಯಣ್ಣ ಮನೆಗೆ ಹೋಗಿ ಬಾಲವಿಲ್ಲದ ಆ ಒಂದು ಫೈಲನ್ನು ಪೆನ್ ಡ್ರೈವಿಗೆ ಪುನಃ ಹಾಕಿಕೊಂಡು ಬಂದರು. ಉಳಿದ ಹದಿಮೂರು ಕಳೆಗಳು ಯಾವುದಕ್ಕೂ ಬೇಕಾದವಲ್ಲವೆಂದು ಆಮೇಲೆ ಗೊತ್ತಾಯಿತು. ಇದನ್ನು ವೆಂಕಟಸುಬ್ಬಯ್ಯನವರು ಎರಡು ಮೂರು ಸಲ ಎತ್ತಿ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಯಂತ್ರ ಬಣ್ಣ ಬಣ್ಣವಾಗಿ ಅರಳಿತು. ಅಯ್ಯಣ್ಣ ನಲವತ್ತನೆಯದನ್ನು ಬರೆದುಕೊಂಡು, ಇಡ್ಲಿ ತಿಂದು, ಹೋಗುವಾಗ ಬಾಗಿಲಲ್ಲಿ ನಿಂತರು.

“ಇದು ನಮ್ಮಲ್ಲೇ ಇರಲಿ ಸಾರ್. ಶುಕ್ರವಾರದ ಪತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಫೀಸ್ ಬೇರೆ, ಮನೆ ಬೇರೆ.”

ಹೌದೆಂದು ವೆಂಕಟಸುಬ್ಬಯ್ಯನವರು ತಲೆಯಾಡಿಸಿದರು. ಸೋಮವಾರವೂ ತಮಗೆ ತಾವೇ ಹೌದೆಂದುಕೊಂಡರು. ಬುಧವಾರದ ಹೊತ್ತಿಗೆ ಊಟ ರುಚಿಸದಾಯಿತು. ಕಪಾಟುಗಳ ನಡುವೆ ಓಡಾಡುವಾಗ ಫೈಲುಗಳೆಲ್ಲ ಬೆನ್ನ ಹಿಂದೆ ಪಿಸುಗುಟ್ಟಿದಂತೆ ಅನ್ನಿಸುತ್ತಿತ್ತು. ಕಾಗದ ಪಿಸುಗುಟ್ಟುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ಎರಡು ಸಲ ತಿರುಗಿ ನೋಡಿದರು.

ಶುಕ್ರವಾರ ನಾಲ್ಕು ಗಂಟೆಗೆ ಮೀಟಿಂಗ್ ರೂಮಿನಲ್ಲಿ ಸಮೋಸ, ಬರ್ಫಿ, ಚೆಂಡುಹೂವಿನ ಹಾರ. ಲೀಲಾವತಿ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಜಂಟಿ ಕಾರ್ಯದರ್ಶಿ ಮೇಡಂ ಅಭಿನಂದನಾ ಪತ್ರವನ್ನು ಹಿಂದಿಯಲ್ಲಿ ಓದಿದರು. “ಮೂವತ್ತಾರು ವರ್ಷಗಳಲ್ಲಿ ಒಂದು ಫೈಲನ್ನೂ ಕಳೆಯದ...” ಎನ್ನುವಾಗ ಚಪ್ಪಾಳೆ ಶುರುವಾಯಿತು.

ವೆಂಕಟಸುಬ್ಬಯ್ಯನವರು ಹಾರ ಹಾಕಿಕೊಂಡೇ ಎದ್ದು ನಿಂತರು.

“ಕ್ಷಮಿಸಿ ಮೇಡಂ. ಒಂದು ತಿದ್ದುಪಡಿ ಇದೆ. ಒಂದು ಕಳೆದಿದ್ದೇನೆ.”

ಚಪ್ಪಾಳೆ ಅರ್ಧಕ್ಕೆ ನಿಂತಿತು. ಅವರು ನಿಂತುಕೊಂಡೇ ಎಲ್ಲವನ್ನೂ ಹಿಂದಿಯಲ್ಲೇ ಹೇಳಿದರು. ಪೆನ್ ಡ್ರೈವು, ಬಾಲವಿಲ್ಲದ ಫೈಲು, ಹಾಸಿಗೆಯ ಕೆಳಗೆ ತಳ್ಳಿದ ಪುಸ್ತಕ, ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿದರು. ಯಾರಾದರೂ ನಗಲಿ ಎಂದು ಅವರು ಕಾದರು. ಯಾರೂ ನಗಲಿಲ್ಲ.

ಹಿಂದಿನ ಸಾಲಿನಿಂದ ಚಿದಂಬರ ಎದ್ದ. ಹಾಸನದ ಕಡೆಯವನೇ, ಇಪ್ಪತ್ತು ವರ್ಷದಿಂದ ಅವರ ಕೈಕೆಳಗಿನ ಗುಮಾಸ್ತ. ಮುಖ ಬಿಳಿಚಿತ್ತು.

“ಸಾರ್, ತೊಂಬತ್ತನಾಲ್ಕರ ಕ್ಯಾಂಟೀನ್ ಫೈಲು” ಎಂದ. “ನೀವು ಸುತ್ತೋಲೆ ಕಳಿಸಿ, ಮೂರನೇ ದಿನಕ್ಕೆ ಸಿಕ್ಕಿತಲ್ಲ? ಅದು ಸಿಕ್ಕಿರಲಿಲ್ಲ ಸಾರ್. ನನ್ನ ಟಿಫಿನ್ ಡಬ್ಬಿಯ ಸಾಂಬಾರು ಚೆಲ್ಲಿ ಹಾಳಾಗಿತ್ತು. ರಾತ್ರಿ ಹಗಲು ಕೂತು ಇಡೀ ಫೈಲನ್ನ ಹೊಸದಾಗಿ ಬರೆದೆ. ಹಳೇದು ಕಾಣ್ಲಿ ಅಂತ ಹಾಳೆಗಳನ್ನ ಚಹಾದಲ್ಲಿ ಅದ್ದಿ ಟೆರೇಸಿನ ಮೇಲೆ ಒಣಗಿಸಿದೆ.”

ಆ ಫೈಲನ್ನು ಎಲ್ಲರೆದುರಿಗೆ ಎತ್ತಿ ಹಿಡಿದು, ಹಳೆಯ ಕಾಗದದ ಪರಿಮಳ ನೋಡಿ ಎಂದು ತಾವು ಹೇಳಿದ್ದು ವೆಂಕಟಸುಬ್ಬಯ್ಯನವರಿಗೆ ಚೆನ್ನಾಗಿ ನೆನಪಿತ್ತು.

ಚಿದಂಬರ ಕೂರುವ ಮೊದಲೇ ಗಾಜಿಯಾಬಾದಿನ ತ್ಯಾಗಿ ಎದ್ದರು. ಅವರು ಕೂಲರ್ ಖರೀದಿಯ ಫೈಲನ್ನು ಚಾರ್ಟರ್ಡ್ ಬಸ್ಸಿನಲ್ಲಿ ಬಿಟ್ಟಿದ್ದರಂತೆ. ನಿವೃತ್ತರಾಗಿದ್ದ ಮೂವರು ಅಧಿಕಾರಿಗಳ ಮನೆಗೆ ಹೋಗಿ, ಕೈಕಾಲು ಹಿಡಿದು, ಮತ್ತೆ ಸಹಿ ಮಾಡಿಸಿ ತಂದಿದ್ದರಂತೆ. ಅವರ ಹಿಂದೆಯೇ ಮಿಸೆಸ್ ಭಾಟಿಯಾ ಎದ್ದರು. ಅವರ ಫೈಲನ್ನು ಕೋತಿ ಎತ್ತಿಕೊಂಡು ಹೋಗಿ ಬೇವಿನ ಮರದ ಮೇಲೆ ಕೂತು ಒಂದೊಂದೇ ಹಾಳೆ ತಿಂದಿತ್ತು. “ಪೂರಾ ಖಾ ಗಯಾ, ಸರ್” ಎಂದು ಆಕೆ ಅತ್ತೇ ಬಿಟ್ಟರು. ಆಮೇಲೆ ತಡೆಯೇ ಇರಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದರು. ಮೇಡಂ ಸಮೋಸ ಮರೆತು ಕೇಳುತ್ತಾ ಕೂತರು. ಲೀಲಾವತಿ ಬೆರಳು ಮಡಚಿ ಲೆಕ್ಕ ಹಾಕಿದರು, ಹತ್ತೊಂಬತ್ತು.

ವೆಂಕಟಸುಬ್ಬಯ್ಯನವರಿಗೆ ಮೊದಲು ಕೋಪ ಬಂತು, ಬಳಿಕ ನಾಚಿಕೆಯಾಯಿತು. ತಮ್ಮ ಆಸ್ತಿಯೆಲ್ಲ ಚಹಾದಲ್ಲಿ ಅದ್ದಿ ಒಣಗಿಸಿದ್ದು ಎಂದು ತಿಳಿದಾಗ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

“ಯಾಕ್ರಯ್ಯ ನನಗೆ ಹೇಳಲಿಲ್ಲ?” ಎಂದರು. ಧ್ವನಿ ಬಿದ್ದುಹೋಗಿತ್ತು.

“ಹೆದರಿಕೆ ಸಾರ್” ಎಂದ ಚಿದಂಬರ, ನೆಲ ನೋಡುತ್ತಾ.

“ಹೆದರಿಕೆ ಮೊದಲ ಎರಡು ವರ್ಷ” ಎಂದರು ತ್ಯಾಗಿ ಹಿಂದಿಯಲ್ಲಿ. “ಅದಾದ ಮೇಲೆ ಹೆದರಿಕೆಯಿಂದಲ್ಲ ಸರ್. ಕಳೆದಿದೆ ಅಂತ ಗೊತ್ತಾದರೆ ನಿಮ್ಮ ಮುಖ ಹೇಗಾಗುತ್ತೆ ಅಂತ ನಮಗೆ ಗೊತ್ತಿತ್ತು. ಅದನ್ನ ನೋಡೋಕೆ ಯಾರಿಗೂ ಮನಸ್ಸಿರಲಿಲ್ಲ.”

ವೆಂಕಟಸುಬ್ಬಯ್ಯನವರು ಕೂತರು. ಕನ್ನಡಕ ತೆಗೆದರು, ಆದರೆ ಒರೆಸಿದ್ದು ಕಣ್ಣನ್ನು. ಮೂವತ್ತಾರು ವರ್ಷ ತಾವೊಬ್ಬರೇ ಹೊತ್ತಿದ್ದೇನೆಂದುಕೊಂಡಿದ್ದ ಆ ಹೆಸರನ್ನು ಇಷ್ಟು ಜನ ಸೇರಿ ಹೊತ್ತಿದ್ದರು. ಅವರಿಗೆ ತುಂಬಾ ದುಃಖವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

“ಹಾಗಾದ್ರೆ ಈ ಪತ್ರವನ್ನು ಏನು ಮಾಡೋಣ?” ಎಂದು ಮೇಡಂ ಕೇಳಿದರು. “ಬೇರೆ ಟೈಪು ಮಾಡಿಸಲೇ?”

“ಬೇಡ ಮೇಡಂ. ಟೈಪಾದದ್ದನ್ನು ಹರಿಯಬಾರದು” ಎಂದರು ವೆಂಕಟಸುಬ್ಬಯ್ಯನವರು. ಪೆನ್ನು ತೆಗೆದು ‘ಒಂದು ಫೈಲನ್ನೂ ಕಳೆಯದ’ ಎಂಬುದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಮೇಲೆ ‘ಇಪ್ಪತ್ತು ಫೈಲು ಕಳೆದ’ ಎಂದು ಬರೆದು, ಪಕ್ಕದಲ್ಲಿ ತಾರೀಕು ಹಾಕಿ ಚಿಕ್ಕ ಸಹಿ ಮಾಡಿದರು. ಆಮೇಲೆ ಪತ್ರವನ್ನು ಚಿದಂಬರನ ಮುಂದೆ ತಳ್ಳಿದರು.

ಆ ಪತ್ರ ಈಗ ಚೌಕಟ್ಟಿನೊಳಗೆ ಅವರ ಮನೆಯ ಗೋಡೆಯ ಮೇಲಿದೆ. ಇಪ್ಪತ್ತು ಫೈಲು ಕಳೆದ ಮನುಷ್ಯನಿಗೆ ಸರ್ಕಾರ ಯಾಕೆ ಅಭಿನಂದನೆ ಮಾಡಿತು ಎಂದು ಬಂದವರೆಲ್ಲ ಕೇಳುತ್ತಾರೆ. ವೆಂಕಟಸುಬ್ಬಯ್ಯನವರು ಅವರನ್ನು ಹತ್ತಿರ ಕರೆದು, ತಮ್ಮ ಸಹಿಯ ಕೆಳಗೆ ಅಂಚಿನವರೆಗೂ ಒತ್ತೊತ್ತಾಗಿ ಬಿದ್ದಿರುವ ಹತ್ತೊಂಬತ್ತು ಸಹಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸುತ್ತಾರೆ.